ಗೊರಟೆ ಮೇಡಂ ಡಬ್ಬಿ

ಆ ಗೊರಟೆ ಜೇಬಿನಿಂದ ಕೈಗೆ ಬಂದದ್ದೇ ಬಂದದ್ದು, ಆಮೇಲೆ ತಲೆಯಿಂದ ಇಳಿಯಲೇ ಇಲ್ಲ.

ಮಗಳ ಫ್ರಾಕನ್ನು ಒಗೆಯಲು ಹಾಕುವ ಮೊದಲು ಜೇಬು ತಡಕುವುದು ಅವಳ ಅಭ್ಯಾಸ. ಮಗು ಹುಟ್ಟುವ ಮೊದಲು ಅವಳು ಮಾಡುತ್ತಿದ್ದ ಕೆಲಸವೂ ಅಂಥದ್ದೇ: ವಿಮಾನ ನಿಲ್ದಾಣದಲ್ಲಿ ಪರದೆಯ ಮುಂದೆ ಕೂತು ಕಂಡವರ ಚೀಲಗಳ ಹೊಟ್ಟೆಯೊಳಗೆ ಏನಿದೆ ಎಂದು ನೋಡುವುದು. "ಬೇರೆಯವರಿಗೆ ಅನುಮಾನ ಅನ್ನೋದು ರೋಗ, ನಮ್ಮನೆಯವಳಿಗೆ ಉದ್ಯೋಗ" ಎಂದು ಗಂಡ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದ. ಸೋಮವಾರದಿಂದ ಅದೇ ಕೆಲಸಕ್ಕೆ ಮತ್ತೆ ಹೋಗಬೇಕು. ಈಗ ದಿನಾ ಒಂದೆರಡು ಗಂಟೆ ಅತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದ ಮಗು ಇನ್ನು ಹಗಲಿಡೀ ಅವರ ಮನೆಯಲ್ಲಿರುವುದು ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು. ಗುರುವಾರ ಈ ಗೊರಟೆ ಸಿಕ್ಕಿತು.

ಮಾವಿನದಲ್ಲ, ಪೀಚಿನದಲ್ಲ, ಪ್ಲಮ್ಮಿನದಂತೂ ಅಲ್ಲವೇ ಅಲ್ಲ. ಮೂರು ಮೂಲೆ, ಕಂದು ಬಣ್ಣ, ಮರದಷ್ಟು ಗಟ್ಟಿ, ನಡುವೆ ಒಂದು ಸಣ್ಣ ಸೀಳುಗೆರೆ. ಬೋರಲು ಹಾಕಿದ ದೋಣಿಯ ಹಾಗಿತ್ತು.

"ಇದೇನೇ ಪುಟ್ಟಿ?"

"ಡೂಪು" ಎಂದಳು ಮೂರು ವರ್ಷದ ಮಗಳು, ಇಷ್ಟೂ ಗೊತ್ತಿಲ್ಲವೇ ಅನ್ನುವ ಮುಖ ಮಾಡಿ. "ಅಜ್ಜಿ ಡಬ್ಬೀಲಿ ಇರೋದು. ಒಳಗೆ ಪಾಪು ಮಲಗಿದೆ."

"ಬಾಯಿಗೆ ಹಾಕ್ಕೊಂಡಿದ್ಯಾ?"

"ಬಾಯಿಗೆ ಹಾಕಿದ್ರೆ ಆಟ ಬಂದ್" ಎಂದು ಅಜ್ಜಿಯ ದನಿಯಲ್ಲೇ ಹೇಳಿ ಮಗು ಆಡಲು ಹೋಯಿತು.

ಗೊರಟೆಯ ಫೋಟೊ ತೆಗೆದು ಫೋನಿನಲ್ಲಿ ಹುಡುಕಿದಳು. ಹಳದಿ ಕಣಗಿಲೆ ಎಂದು ಬಂತು. ರಸ್ತೆಬದಿಯಲ್ಲಿ, ಪಾರ್ಕಿನ ಬೇಲಿಯಲ್ಲಿ ಗಂಟೆಯಂಥ ಹೂವು ಬಿಡುವ ಗಿಡ. ಅದರ ಬೀಜ ವಿಷವಂತೆ, ಗುಂಡಿಗೆಯನ್ನೇ ನಿಲ್ಲಿಸುವಂಥ ವಿಷ. ಅದರ ಕೆಳಗೆ, ಯಾವುದೋ ಪಾಠದಲ್ಲಿ ಬರುವ ಹಾಗೆ, ತಣ್ಣಗೆ ಒಂದು ಸಾಲು: ಹಣ್ಣಿನ ಬಗೆ, ಡ್ರೂಪ್, ಅಂದರೆ ಒಳಗೆ ಗೊರಟೆ ಇರುವ ಹಣ್ಣು. ಪುಟ್ಟಿಯ ಡೂಪು ಇದೇ.

ಮಗುವನ್ನು ಹಿಡಿದು ನಾಲಿಗೆ ನೋಡಿದಳು, ಕಣ್ಣು ನೋಡಿದಳು, ಎದೆಗೆ ಕಿವಿ ಇಟ್ಟಳು. ಮಗು ಕಚಗುಳಿ ಎಂದು ನಕ್ಕಿತು. ಗೊರಟೆ ಒಡೆದಿರಲಿಲ್ಲ, ಹಲ್ಲಿನ ಗುರುತೂ ಇರಲಿಲ್ಲ. ಆದರೂ ಇನ್ನೊಮ್ಮೆ ನಾಲಿಗೆ ನೋಡಿದಳು.

ಅವಳ ಅತ್ತೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಅವರನ್ನು ಗೊರಟೆ ಮೇಡಂ ಎಂದೇ ಕರೆಯುವುದು. ಪ್ರತಿವರ್ಷ ಮೊದಲ ತರಗತಿಗೆ ಒಬ್ಬೊಬ್ಬರೂ ಒಂದೊಂದು ಹಣ್ಣು ತರಬೇಕು, ಅಲ್ಲೇ ಕೂತು ತಿನ್ನಬೇಕು. "ತಿಂದಿದ್ದು ನಿಮ್ಮದು, ಉಗುಳಿದ್ದು ನನ್ನದು" ಎಂದು ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬರುತ್ತಿದ್ದರಂತೆ. ತಟ್ಟೆ ತುಂಬಿದ ಮೇಲೆ ಪಾಠ. ಸಿಪ್ಪೆ ಹೊರಗೋಡೆ, ತಿರುಳು ನಡುಗೋಡೆ, ಗೊರಟೆ ಒಳಗೋಡೆ. ಮೂರೂ ಸೇರಿ ಹಣ್ಣು. ಗೊರಟೆಯೇ ಬೀಜ ಅಂದವರನ್ನು ಹೊರಗೆ ನಿಲ್ಲಿಸುತ್ತಿದ್ದರು. "ಗೊರಟೆ ಬೀಜ ಅಲ್ಲಪ್ಪ, ಬೀಜದ ಮನೆ. ಮನೇನೇ ಮನುಷ್ಯ ಅಂತಾರಾ?"

ಹೀಗೆ ಕೂಡಿದ ಗೊರಟೆಗಳಲ್ಲಿ ಆಯ್ದವು ಒಂದು ತಗಡಿನ ಬಿಸ್ಕತ್ತು ಡಬ್ಬಿಯಲ್ಲಿದ್ದವು. ಅದರಲ್ಲೊಂದು ಪ್ಲಮ್ಮಿನದು, ಮಾವನದು. ಮಾವ ಪಿಟೀಲು ರಿಪೇರಿ ಮಾಡುತ್ತಿದ್ದವರು, ಮಾತು ಕಡಿಮೆ. ಹೆಣ್ಣು ನೋಡಲು ಬಂದ ದಿನ ಪ್ಲಮ್ ತಿಂದು, ಗೊರಟೆ ಎಲ್ಲಿ ಹಾಕುವುದೆಂದು ತೋಚದೆ, ಯಾರೂ ನೋಡುತ್ತಿಲ್ಲ ಎಂದುಕೊಂಡು ಕಿಟಕಿಯ ಹೂಕುಂಡಕ್ಕೆ ಉಗುಳಿದರಂತೆ. ಹುಡುಗಿ ನೋಡುತ್ತಿದ್ದಳು. ಅವರು ಹೋದ ಮೇಲೆ ಮಣ್ಣು ಕೆದಕಿ ತೆಗೆದು, ತೊಳೆದು, ಇಟ್ಟುಕೊಂಡಳು. "ಒಪ್ಪಿಗೆನಾ ಅಂತ ಅಪ್ಪ ಕೇಳಿದ್ರು. ಗೊರಟೆ ತೋರಿಸ್ದೆ, ಅಷ್ಟೆ" ಎಂದು ಅತ್ತೆ ಈಗಲೂ ಹೇಳುತ್ತಾರೆ. ಮಾವ ತೀರಿಕೊಂಡ ಮೇಲೆ ಆ ಕಥೆಯನ್ನು ಇನ್ನೂ ಹೆಚ್ಚು ಹೇಳುತ್ತಾರೆ.

ಇಂಥ ಅತ್ತೆಯನ್ನು ಅವಳು ಮೆಚ್ಚಿಕೊಂಡಿದ್ದಳು, ಆದರೆ ನೆಚ್ಚಿಕೊಂಡಿರಲಿಲ್ಲ. ಅವರು ಒಂದು ಮಾತು ಹೇಳಿದರೆ ಇವಳು ಅದರ ಸಿಪ್ಪೆ ಸುಲಿದು ಒಳಗೇನಿದೆ ಎಂದು ನೋಡುತ್ತಿದ್ದಳು. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಡಾಕ್ಟರು ಹೇಳಿದ ದಿನ ಕಳೆದರೂ ನೋವು ಬಂದಿರಲಿಲ್ಲ. ಇವಳು ಅತ್ತು ಕರೆದು ಮನೆಯನ್ನೆಲ್ಲ ಒಂದು ಮಾಡಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಪೀಚ್ ಹೆಚ್ಚುತ್ತ, ಸಮಾಧಾನಕ್ಕೆ, ತಮಗೆ ಬರುವ ಒಂದೇ ರೀತಿಯಲ್ಲಿ ಮಾತು ತೆಗೆದರು.

"ಡ್ರೂಪ್ ಅನ್ನೋ ಮಾತಿಗೆ ಅರ್ಥ ಏನು ಗೊತ್ತಾ? ಹಳೇ ಗ್ರೀಕರು ಆಲಿವ್ ಕಾಯಿಗೆ ಅಂತಿದ್ದ ಮಾತದು. ಮರದಲ್ಲೇ ಪಕ್ವವಾದದ್ದು ಅಂತ. ಕಿತ್ತು ತಂದು ಹಣ್ಣು ಮಾಡಿದ್ದಲ್ಲ, ಮರಾನೇ ಬಿಟ್ಟುಕೊಟ್ಟಿದ್ದು. ಹಣ್ಣಾಗೋದಕ್ಕೂ ಬೇಯೋದಕ್ಕೂ ಅವರಲ್ಲಿ ಒಂದೇ ಮಾತು, ನಮ್ಮ ಪಕ್ವ ಇಲ್ವಾ, ಹಾಗೇನೇ. ಅವರ ಆ ಮಾತಿಗೂ ನಮ್ಮ ಪಕ್ವಕ್ಕೂ ಬೇರು ಒಂದೇ ಅಂತಾರೆ. ನಮ್ಮ ಪುಸ್ತಕದಲ್ಲಿ ಅಷ್ಟಿಫಲ ಅಂತ ಇಟ್ಟರು. ಅಷ್ಟಿ ಅಂದ್ರೆ ಗೊರಟೆ, ಅಸ್ಥಿ ಅನ್ನೋ ಮಾತಿನ ನೆಂಟ ಇರಬೇಕು. ನಾವು ಒಳಗಿನ ಮೂಳೆ ನೋಡಿ ಹೆಸರಿಟ್ವಿ, ಅವರು ಕಾದಿದ್ದನ್ನ ನೋಡಿ ಹೆಸರಿಟ್ರು. ನೀನೂ ಕಾಯಮ್ಮ."

ಕಾಯಮ್ಮ ಅಂದದ್ದು ಸಮಾಧಾನವೋ ಚುಚ್ಚುಮಾತೋ ಎಂದು ಅವಳಿಗೆ ಅವತ್ತೇ ಅನುಮಾನ. ಅತ್ತೆ ಅತ್ತ ಹೋದ ಮೇಲೆ ಫೋನಿನಲ್ಲಿ ಹುಡುಕಿಯೂ ನೋಡಿದ್ದಳು. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಲ್ಯಾಟಿನಿಗೆ ಬರುವ ಹೊತ್ತಿಗೆ ಆ ಮಾತಿಗೆ ತೀರಾ ಹಣ್ಣಾಗಿ ಸುಕ್ಕುಗಟ್ಟಿದ ಆಲಿವ್ ಅನ್ನುವ ಅರ್ಥವೂ ಇತ್ತು.

"ಅದನ್ನ ಯಾಕೆ ಬಿಟ್ರಿ ಅತ್ತೆ?" ಎಂದು ಕೇಳಿಯೇ ಬಿಟ್ಟಿದ್ದಳು.

"ಅದು ನನ್ನ ಪಾಲಿನ ಅರ್ಥ ಕಣಮ್ಮ. ನಿನಗ್ಯಾಕೆ ಈಗಲೇ?" ಎಂದು ಅತ್ತೆ ತಮ್ಮ ಕೆನ್ನೆಯ ಸುಕ್ಕು ಹಿಡಿದು ತೋರಿಸಿ ನಕ್ಕರು. ಇವಳು ನಗಲಿಲ್ಲ. ಒಂದನ್ನು ಬಿಟ್ಟು ಹೇಳುವವರು ಇನ್ನೊಂದನ್ನೂ ಬಿಟ್ಟು ಹೇಳುತ್ತಾರೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆ ಗಂಟು ಈಗ ಬಿಚ್ಚಿಕೊಂಡಿತು. ಗಂಡ ಲಿಫ್ಟ್ ರಿಪೇರಿ ಮುಗಿಸಿ ಮೈಯೆಲ್ಲ ಗ್ರೀಸು ಮಾಡಿಕೊಂಡು ಬಂದಾಗ ಗೊರಟೆಯನ್ನು ಅವನ ಅಂಗೈಗೆ ಹಾಕಿದಳು.

"ನಿಮ್ಮಮ್ಮ ವಿಷದ ಕಾಯಿ ಕೊಟ್ಟು ಮಗೂನ ಆಡಿಸ್ತಾರೆ."

"ನಾನೂ ಅದೇ ಡಬ್ಬೀಲಿ ಆಡಿ ಬೆಳೆದಿದ್ದು. ಸತ್ತಿದೀನಾ?"

"ಆಗ ಅವರಿಗೆ ಕಣ್ಣು ಕಾಣಿಸ್ತಿತ್ತು."

"ಈಗಲೂ ಕಾಣ್ಸುತ್ತೆ. ನಿನಗೆ ಹಗ್ಗ ಕಂಡ್ರೆ ಹಾವು" ಎಂದ. ಆದರೆ ಗೊರಟೆಯನ್ನು ಎರಡು ಸಲ ಹೊರಳಿಸಿ ನೋಡಿದ. "ಅಷ್ಟಿದ್ರೆ ನೇರವಾಗಿ ಕೇಳು ಕಣೇ."

ನೇರವಾಗಿ ಕೇಳುವುದು ಅವಳಿಂದ ಆಗದ ಕೆಲಸ. ಪ್ರಯಾಣಿಕರನ್ನೂ ಅವಳು ಕೇಳುತ್ತಿರಲಿಲ್ಲ. ಪರದೆ ನೋಡಿ ಬೆರಳು ಎತ್ತುತ್ತಿದ್ದಳು, ಕೇಳುವುದು ಬೇರೆಯವರ ಕೆಲಸ. ಅಲ್ಲದೆ ಗಂಡನಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹಿಂದಿನ ವಾರವೇ ಅವಳು ಬಸ್ ನಿಲ್ದಾಣದ ಹಿಂದಿನ ಶಿಶುವಿಹಾರಕ್ಕೆ ಹೋಗಿ ಮಾತಾಡಿ ಬಂದಿದ್ದಳು. ಅಲ್ಲಿನ ಮಿಸ್ಸು, "ಒಂದೇ ಜಾಗ ಉಳಿದಿದೆ. ಶನಿವಾರ ಸಂಜೆಯೊಳಗೆ ಫೋನ್ ಮಾಡಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ" ಅಂದಿದ್ದರು. ಅಲ್ಲಿಗೆ ಹಾಕಿದರೆ ಅತ್ತೆಗೆ ಏನೆಂದು ಹೇಳುವುದು? ನಿಮ್ಮನ್ನು ನಂಬುವುದಿಲ್ಲ ಅನ್ನುವುದಕ್ಕೆ ಬೇರೆ ಮಾತೇ ಇಲ್ಲ. ಒಮ್ಮೆ ಅಂದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲೂ ಆಗುವುದಿಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಶುಕ್ರವಾರ ಮಗುವನ್ನು ಕರೆದುಕೊಂಡು ಎರಡು ಬೀದಿ ಆಚೆಯ ಅತ್ತೆಯ ಮನೆಗೆ ಹೋದಳು. ಸುಮ್ಮನೆ ಬಂದೆ ಅಂದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು.

ಅತ್ತೆ ನೆಲದ ಮೇಲೆ ಬಟ್ಟೆ ಹಾಸಿ ಡಬ್ಬಿ ಸುರಿದರು. ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಗೊರಟೆಗಳನ್ನು ಗುಂಪು ಮಾಡತೊಡಗಿದರು. ದೊಡ್ಡದು ಚಿಕ್ಕದು ಎಂದಲ್ಲ, ತಿನ್ನುವ ಹಣ್ಣು ತಿನ್ನದ ಹಣ್ಣು ಎಂದೂ ಅಲ್ಲ. ಮಾವು, ಪೀಚ್, ಬೋರೆ, ಆಲಿವ್, ಅವುಗಳ ನಡುವೆ ಮೂರು ಮೂಲೆಯವೂ ಮೂರು, ಎಲ್ಲ ಒಂದೇ ಗುಂಪಿನಲ್ಲಿ, ಒಂದೇ ಪಂಕ್ತಿಯಲ್ಲಿ ಕೂತ ಬಂಧುಗಳ ಹಾಗೆ. ಅತ್ತೆಗೆ ಅವೆಲ್ಲ ಡ್ರೂಪ್‌ಗಳು, ಮುಗಿಯಿತು. ನೋಡುತ್ತ ನೋಡುತ್ತ ಇವಳಿಗೆ ಇನ್ನೊಂದು ಕಂಡಿತು. ಅತ್ತೆ ಗೊರಟೆಗಳನ್ನು ನೋಡುತ್ತಿರಲಿಲ್ಲ. ಮುಖ ಮಗುವಿನ ಕಡೆ, ಬೆರಳು ಗೊರಟೆಯ ಮೇಲೆ. ತಡವಿ ತಡವಿ ಗುರುತು ಹಿಡಿಯುತ್ತಿದ್ದರು. ಟೀ ತರಲು ಎದ್ದಾಗಲೂ ಬಾಗಿಲಿನ ಚೌಕಟ್ಟನ್ನು ಕೈಯಿಂದ ಮುಟ್ಟಿಕೊಂಡೇ ಹೋದರು.

"ಕಣ್ಣು ಹೇಗಿದೆ ಅತ್ತೆ?"

"ಹಣೆ ಕೆಳಗೇ ಇದೆ."

"ಡಾಕ್ಟರಿಗೆ ತೋರಿಸಿದ್ರಾ?"

"ಅವರಿಗೂ ಕಾಣ್ಸುತ್ತೆ ಬಿಡು, ಎರಡಿದೆ ಅಂತ."

ಇವಳು ಇನ್ನೊಂದು ಕಡೆಯಿಂದ ಬಂದಳು. "ಅಲ್ಲ, ಈ ಡಬ್ಬೀಲಿರೋದೆಲ್ಲ ಮಕ್ಕಳು ಮುಟ್ಟೋ ಅಂಥದ್ದೇನಾ ಅಂತ."

"ಬಾಡಿಗೆಯವರನ್ನೆಲ್ಲ ಬಿಡಿಸಿಯೇ ಮಡಗಿರೋದು ಕಣಮ್ಮ, ಹೆದರಬೇಡ" ಎಂದು ಅತ್ತೆ ಒಳಗಿನಿಂದ ಕೂಗಿದರು.

ಬಾಡಿಗೆಯವರು ಯಾರು? ಕೇಳಿದ್ದಕ್ಕೂ ಹೇಳಿದ್ದಕ್ಕೂ ಏನು ಸಂಬಂಧ?  ಅತ್ತೆಗೆ ಕಣ್ಣಷ್ಟೇ ಅಲ್ಲ, ತಲೆಯೂ ಮಂಜಾಗುತ್ತಿದೆ ಎಂದುಕೊಂಡಳು. ಮಗು ಆಕಳಿಸುತ್ತ ಅತ್ತ ತಿರುಗಿದ ಹೊತ್ತಿಗೆ, ತಾನೇನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ, ಮೂರು ಮೂಲೆಯ ಗೊರಟೆ ಒಂದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಸಾಕ್ಷಿಗೆ ಇರಲಿ ಎಂದು.

ಆಟ ಮುಗಿದು ಅತ್ತೆ ಒಂದೊಂದನ್ನೇ ತಡವಿ ಡಬ್ಬಿಗೆ ಹಾಕುವಾಗ ಕೈ ನಿಂತಿತು. "ಕಣಗಿಲೆ ಒಂದು ಕಮ್ಮಿ ಇದೆ."

"ಅಜ್ಜಿ, ನಾನಲ್ಲ" ಎಂದಿತು ಮಗು.

"ಎಲ್ಲೋ ಉರುಳಿರಬೇಕು" ಎಂದಳು ಇವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತಲ್ಲ, ಹಾಗೆ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಅತ್ತೆ ಮಂಡಿಯೂರಿ ಸೋಫಾದ ಕೆಳಗೆ ಕೈ ಆಡಿಸಿದರು. ಆಮೇಲೆ ತಲೆ ಎತ್ತಿ ಇವಳಿದ್ದ ಕಡೆಗೆ ನೋಡಿದರು, ಸ್ವಲ್ಪ ಹೆಚ್ಚೇ ಹೊತ್ತು. ಗೊತ್ತಾಯಿತೇ? ಗೊತ್ತಾಗಿಯೂ ಸುಮ್ಮನಿದ್ದಾರೆಯೇ? ಇವಳು ಮಗುವಿನ ಕೈ ಹಿಡಿದು ಮನೆಗೆ ಬಂದುಬಿಟ್ಟಳು.

ಶನಿವಾರ ಹೊಸ ಗುರುತಿನ ಚೀಟಿ ತರಲು ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ಗಂಡನಿಗೆ ಯಾವುದೋ ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು, ಮಗುವನ್ನೂ ಕರೆದುಕೊಂಡೇ ಹೋದಳು. ಸಿಬ್ಬಂದಿ ಒಳಬರುವ ಬಾಗಿಲಿನ ಯಂತ್ರದ ಮುಂದೆ ಅವಳಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಹದ್ದಣ್ಣ ಅನ್ನುತ್ತಿದ್ದರು. ಎಷ್ಟೇ ಚೀಲದ ಸಾಲಿದ್ದರೂ ಅವರ ಕಣ್ಣು ತಪ್ಪಿಸಿ ಒಂದು ಸೂಜಿಯೂ ಹೋಗುತ್ತಿರಲಿಲ್ಲ.

ಅವಳು ಎರಡೂ ಗೊರಟೆಗಳನ್ನು ಟ್ರೇಯಲ್ಲಿಟ್ಟಳು. ಎಡಕ್ಕೆ ಮಗಳ ಜೇಬಿನದು, ಬಲಕ್ಕೆ ಕದ್ದದ್ದು.

"ಏನಮ್ಮ, ಸೋಮವಾರದವರೆಗೂ ತಡೆಯೋಕಾಗಲಿಲ್ವಾ?" ಎಂದರು ಹದ್ದಣ್ಣ. ಆದರೂ ಟ್ರೇ ಸಾಗಿಸುವ ಪಟ್ಟಿ ಓಡಿಸಿ ಪರದೆಯನ್ನು ಅವಳ ಕಡೆ ತಿರುಗಿಸಿದರು.

ಎಡಗಡೆಯದರಲ್ಲಿ ದಪ್ಪ ಗೋಡೆ, ಗೋಡೆಯೊಳಗೆ ಕಿತ್ತಳೆ ಬಣ್ಣದ ಗಟ್ಟಿ ನೆರಳು, ಮುದುರಿ ಮಲಗಿದ ಹಾಗೆ. ಬಲಗಡೆಯದರಲ್ಲಿ ಬರೀ ಗೋಡೆ.

"ಪಾಪು" ಎಂದು ಮಗು ಎಡಗಡೆಯದಕ್ಕೆ ಬೆರಳು ತೋರಿಸಿತು.

"ಇದು ಹುಟ್ಟಿದ ಹಾಗೇ ಇದೆ" ಎಂದರು ಹದ್ದಣ್ಣ. "ಆ ಕಡೇದನ್ನ ಯಾರೋ ಬಿಚ್ಚಿ, ಒಳಗಿದ್ದಿದ್ದು ತೆಗೆದು, ಮತ್ತೆ ಅಂಟಿಸಿದಾರೆ. ಗೆರೆ ನೋಡು. ಕೈ ಬಲು ನಾಜೂಕು. ಎಲ್ಲಿಯ ಕಳ್ಳಸಾಗಣೆ ಇದು?"

ಬಾಡಿಗೆಯವರನ್ನು ಬಿಡಿಸಿದ್ದೇನೆ ಎಂಬ ಮಾತು ಈಗ ಅವಳ ಕಿವಿಗೆ ಬಂದು ತಲುಪಿತು. ಬಾಡಿಗೆಯವರೆಂದರೆ ಬೀಜ: ಮನೆ ಇದೆ, ಒಳಗೆ ಯಾರೂ ಇಲ್ಲ. ಅತ್ತೆಯ ತಲೆ ನೆಟ್ಟಗೇ ಇತ್ತು. ಒಂದು ಗಳಿಗೆ ಹಗುರವಾಯಿತು, ಅದರ ಬೆನ್ನಿಗೇ ಎಡಗಡೆಯದು ಕಣ್ಣಿಗೆ ಕುಕ್ಕಿತು. ಹಾಗಾದರೆ ಇದರಲ್ಲಿ ಯಾಕೆ ಇದೆ? ಮೂರನ್ನು ಬಿಡಿಸಿದವರು ಒಂದನ್ನು ಮರೆತಿದ್ದಾರೆ. ಕಾಣದ ಕಣ್ಣು ಒಂದನ್ನು ತಪ್ಪಿಸಿದೆ. ತಪ್ಪಿಸಿದ ಆ ಒಂದೇ ತನ್ನ ಮಗುವಿನ ಜೇಬಿಗೆ ಬಂದಿದೆ. ಶಿಶುವಿಹಾರಕ್ಕೆ ಫೋನ್ ಮಾಡುವುದೇ ಸರಿ ಎಂದು ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದಳು. ಎರಡು ಸಲ ನಂಬರು ತೆಗೆದಳು. ಬಸ್ಸಿನ ಗಲಾಟೆಯಲ್ಲಿ ಬೇಡ, ಇಳಿದು ಮಾಡಿದರಾಯಿತು ಎಂದುಕೊಂಡಳು.

ಇಳಿದು ಪಾರ್ಕಿನ ಗೋಡೆಯ ಪಕ್ಕ ನಡೆಯುವಾಗ ಮಗು ಕೈ ಕೊಸರಿಕೊಂಡು ಓಡಿತು. ಗೋಡೆಯಾಚೆಯಿಂದ ಒಂದು ಗಿಡ ರಸ್ತೆಗೆ ಬಾಗಿತ್ತು, ಉದ್ದನೆಯ ಎಲೆ, ಗಂಟೆಯಂಥ ಹಳದಿ ಹೂವು. ಕೆಳಗೆ ಉದುರಿದ ಕಾಯಿಗಳು, ಕೆಲವು ಹಸಿರು, ಕೆಲವು ಕಪ್ಪಗೆ ಕೊಳೆತು ಗೊರಟೆ ಬಿಟ್ಟುಕೊಂಡವು. ಮಗು ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಕೆದಕುತ್ತಿತ್ತು.

ಅವಳು ಹೋಗಿ ಮಗುವಿನ ಎರಡೂ ಕೈ ಹಿಡಿದುಕೊಂಡಳು. ದನಿ ಏರಲಿಲ್ಲ, ಅದೇ ಆಶ್ಚರ್ಯ. "ಏನು ಹುಡುಕ್ತಿದ್ದೀಯಾ?"

"ಕಣಗಿಲೆ. ಅಜ್ಜಿದು ಒಂದು ಕಳೆದುಹೋಯ್ತಲ್ಲ. ಅಜ್ಜಿ ಪಾಪ, ಸೋಫಾ ಕೆಳಗೆ ಹುಡುಕಿದ್ರು."

"ಮೊನ್ನೆ ಜೇಬಲ್ಲಿ ಇತ್ತಲ್ಲ, ಅದು?"

"ಅದೂ ಇಲ್ಲೀದೇ. ಅಜ್ಜಿಗೆ ಕೊಡೋಣ ಅಂತ ಇಟ್ಕೊಂಡಿದ್ದೆ. ನೀನು ತಗೊಂಡುಬಿಟ್ಟೆ."

ಎಲ್ಲಿ ಸಿಕ್ಕಿತು ಎಂದು ಗುರುವಾರ ಒಂದು ಮಾತು ಕೇಳಿದ್ದರೆ ಮಗು ಗುರುವಾರವೇ ಹೇಳುತ್ತಿತ್ತು. ನಾಲಿಗೆ ನೋಡಿದಳು, ಎದೆಗೆ ಕಿವಿ ಇಟ್ಟಳು, ಯಂತ್ರದೊಳಗೆ ಹಾಕಿಯೂ ನೋಡಿದಳು, ಅದೊಂದನ್ನು ಕೇಳಲಿಲ್ಲ. ಈಗ ಮಗು ಮತ್ತೆ ಈ ಗಿಡದ ಕೆಳಗೆ ಕೂತಿದೆ ಎಂದರೆ ಅದಕ್ಕೆ ಕಾರಣ ಡಬ್ಬಿಯಿಂದ ಒಂದು ಕಡಿಮೆಯಾದದ್ದು. ಕಡಿಮೆ ಮಾಡಿದವರು ಯಾರು?

ಪಾರ್ಕಿನ ನಲ್ಲಿಯಲ್ಲಿ ಮಗುವಿನ ಕೈಯನ್ನು ಉಜ್ಜಿ ಉಜ್ಜಿ ತೊಳೆದಳು. ಮನೆಗೆ ಬಂದು ಸೋಪು ಹಾಕಿ ಇನ್ನೊಮ್ಮೆ ತೊಳೆದಳು. ಮಗು ಮಲಗಿತು. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಶಿಶುವಿಹಾರದ ನಂಬರು ಪರದೆಯ ಮೇಲೆ ಹಾಗೇ ಇತ್ತು. ಆ ಗಿಡದ ವಿಷಯ ಅತ್ತೆಗೆ ಗೊತ್ತಿಲ್ಲ. ಹೇಳಬೇಕೆಂದರೆ ಕದ್ದದ್ದನ್ನೂ ಹೇಳಬೇಕು. ಅತ್ತೆ ಮುಖ ಮುರಿದುಕೊಂಡರೆ ಮಗುವಿಗೆ ಅಜ್ಜಿ ಮನೆಯೇ ಇಲ್ಲ. ಫೋನನ್ನು ಮಗುಚಿಟ್ಟಳು, ಎತ್ತಿದಳು, ಮತ್ತೆ ಮಗುಚಿಟ್ಟಳು.

ಕೊನೆಗೆ ಬೇರೆ ನಂಬರು ಒತ್ತಿದಳು.

ಒಂದೇ ರಿಂಗಿಗೆ ಅತ್ತೆ ಎತ್ತಿದರು, ಫೋನಿನ ಪಕ್ಕದಲ್ಲೇ ಕೂತವರ ಹಾಗೆ. "ಹೇಳಮ್ಮ. ಮಗು ಹೊಟ್ಟೆ ಸರಿ ಇದೆಯಾ? ಬಾಯಿಗೆ ಏನಾದ್ರೂ ಹಾಕ್ಕೊಂಡಿತ್ತಾ?"

ಅತ್ತೆ ನಿನ್ನೆ ಅಷ್ಟು ಹೊತ್ತು ತನ್ನ ಕಡೆ ನೋಡಿದ್ದು ಯಾಕೆಂದು ಅವಳಿಗೆ ಆಗ ತಿಳಿಯಿತು. "ಮಗು ನುಂಗಿಲ್ಲ ಅತ್ತೆ. ಗೊರಟೆ ನನ್ನ ಹತ್ರ ಇದೆ. ನಾನೇ ತಗೊಂಡಿದ್ದು. ನಿಮಗೆ ಹೇಳದೆ."

"ಸೋಫಾನೇ ಎಳೆಸಿದೀನಿ ಕಣೆ, ಪಕ್ಕದ ಮನೆಯವರ ಕೈಲಿ. ನಿನಗೆ ಫೋನ್ ಮಾಡೋಣ ಅಂದ್ರೆ, ನಿನ್ನೆದುರಿಗೇ ಮಗೂನ ನೋಡ್ಕೊಳ್ಳಲಿಲ್ಲ ಅಂತಾಗುತ್ತೆ, ಸೋಮವಾರ ಕಳಿಸ್ತೀಯೋ ಇಲ್ವೋ ಅಂತ ಸುಮ್ಮನಾದೆ."

ಅವಳು ಎಲ್ಲವನ್ನೂ ಹೇಳಿದಳು, ಜೇಬಿನದು, ಯಂತ್ರದ್ದು, ಗೋಡೆಯಾಚೆಯ ಗಿಡದ್ದು. ಶಿಶುವಿಹಾರದ್ದನ್ನೂ ಬಿಡಲಿಲ್ಲ.

"ಆ ಗೋಡೆ ಪಕ್ಕಾನೇ ದಿನಾ ಕರ್ಕೊಂಡು ಬರೋದು" ಎಂದರು ಅತ್ತೆ. "ಹೂವು ಹಳದಿ ಅಂತ ಮಸುಕಾಗಿ ಕಾಣುತ್ತೆ. ಕೆಳಗೆ ಬಿದ್ದಿರೋದು ಕಾಣಲ್ಲಮ್ಮ. ಕಣ್ಣು ಹೀಗಾಗಿ ಒಂದು ವರ್ಷ ಆಯ್ತು."

"ಬುಧವಾರ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನನಗೆ ಅವತ್ತು ರಜೆ. ಅಲ್ಲೀವರೆಗೂ ಮಗೂನ ಬೆಳಿಗ್ಗೆ ನಾನೇ ಬಿಡ್ತೀನಿ, ಸಂಜೆ ಇವರು ಕರ್ಕೊಂಡು ಬರ್ತಾರೆ. ಪಾರ್ಕಿನ ಗೋಡೆ ಕಡೆ ಬೇಡ."

"ಅಂದ್ರೆ ಕಳಿಸ್ತೀಯಾ?"

"ಕಳಿಸ್ತೀನಿ. ಆದ್ರೆ ಮೂರು ಮೂಲೇದು ಡಬ್ಬೀಲಿ ಇರಬಾರದು."

"ಅದರಲ್ಲಿ ಏನೂ ಇಲ್ವಲ್ಲೇ, ನೀನೇ ನೋಡಿದೀಯ."

"ನೋಡಿದೆ. ಅವಳು ನೋಡಿಲ್ಲ ಅತ್ತೆ. ಅವಳಿಗೆ ಖಾಲಿ ಮನೆ, ತುಂಬಿದ ಮನೆ ಎರಡೂ ಒಂದೇ. ನೀವು ಅದನ್ನೂ ಮಾವಿನ ಪಕ್ಕ ಕೂರಿಸಿದ್ದಕ್ಕೇ ಅವಳು ಬೀದೀಲಿ ಎತ್ಕೊಂಡಿದ್ದು."

ಅತ್ತೆ ಒಪ್ಪಿಕೊಂಡರು. "ಹೂಂ. ನಾನು ಹಣ್ಣಿನ ಬಗೆ ನೋಡಿ ಜೋಡಿಸ್ದೆ, ಮಗು ಕಣ್ಣಲ್ಲಿ ನೋಡಲಿಲ್ಲ. ಸರಿ, ಇವತ್ತೇ ತೆಗೆದುಬಿಡ್ತೀನಿ."

"ಬೇಜಾರಾಯ್ತಾ?"

"ಬೇಜಾರೇನು, ಬುಧವಾರ ಡಾಕ್ಟರ ಹತ್ರ ಹೋಗೋಣ ಅಂದೆಯಲ್ಲ, ಅದಕ್ಕೆ ಸ್ವಲ್ಪ ಆಯ್ತು" ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, "ನನ್ನ ಗೊರಟೆ ಮಾತ್ರ ಜೋಪಾನವಾಗಿ ತಂದುಕೊಡು. ಬಿಸಾಡಿಬಿಟ್ಟೀಯ. ಮೂರನ್ನೂ ಪಿಟೀಲಿನ ಅಂಟು ಹಾಕಿ ಮುಚ್ಚಿದ್ದು ನಿಮ್ಮ ಮಾವ" ಎಂದರು.

ಅವಳು ಚೀಲದಿಂದ ಅದನ್ನು ತೆಗೆದು ಬೆಳಕಿಗೆ ಹಿಡಿದಳು. ಹದ್ದಣ್ಣ ತೋರಿಸಿದ ಗೆರೆ ಕೂದಲೆಳೆಯಷ್ಟೂ ಇರಲಿಲ್ಲ. "ಇಲ್ಲೇ ಇದೆ ಅತ್ತೆ, ಕೈಯಲ್ಲೇ ಇದೆ" ಎಂದಳು.